ವಿಳಾಸವೂ ದ್ವಾರವೂ

ಪತ್ರ ಬರೆಯುವವರು ಬಹಳ ಮಂದಿ, ಮೇಲ್ವಿಳಾಸವನ್ನು ನೆಟ್ಟಗೆ ಬರೆಯುವವರು ಕೆಲವೇ ಮಂದಿ ಎಂಬುದು ರಾಯರ ಹಳೆಯ ದೂರು. ರಾಯರ ಪೂರ್ಣನಾಮಧೇಯ ಇಲ್ಲಿ ಬೇಡ. ಅವರಿರುವ ಬೀದಿಯಲ್ಲಿಯೂ ಅದು ಅನೇಕರಿಗೆ ತಿಳಿಯದು. 1970ರಲ್ಲಿ, ತಮ್ಮ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಅವರು ರೈಲ್ವೆ ಟಪಾಲು ಶಾಖೆಗೆ ಸಾರ್ಟರಾಗಿ ಸೇರಿ ಮೂವತ್ತೇಳು ವರ್ಷ ಆ ಕೆಲಸದಲ್ಲಿಯೇ ಕಳೆದರು. ಓಡುವ ಗಾಡಿಯಲ್ಲಿ ರಾತ್ರಿಯೆಲ್ಲಾ ನಿಂತು, ಎದುರಿನ ಗೋಡೆಯ ಗೂಡುಗಳಿಗೆ ಊರೂರಿನ ಕಾಗದಗಳನ್ನು ವಿಂಗಡಿಸಿ ಹಾಕುವುದು ಅವರ ಕೆಲಸ. 1972ರ ಆಗಸ್ಟ್ 15ರಂದು ಆರಂಕಿಯ ಪಿನ್ ಕೋಡು ಜಾರಿಗೆ ಬಂದಾಗ, ಊರಿನ ಹೆಸರು ಮರೆತರೂ ಚಿಂತೆಯಿಲ್ಲ, ಅಂಕಿಯನ್ನು ಮರೆಯಬೇಡಿ ಎಂದು ನಂಟರಿಷ್ಟರಿಗೆಲ್ಲಾ ಬೋಧಿಸಿದವರು ಅವರು. ರಾತ್ರಿ ಕಾಗದವಾದರೆ ಹಗಲು ಪಿಟೀಲು. ಊರಿಗೆ ಯಾವ ವಿದ್ವಾಂಸರು ಬಂದರೂ ಪಕ್ಕವಾದ್ಯಕ್ಕೆ ರಾಯರೇ. ನಿದ್ದೆ ಯಾವಾಗ ಮಾಡುತ್ತಿದ್ದರೆಂಬುದು ಅವರ ಮನೆಯಾಕೆಗೂ ಸರಿಯಾಗಿ ತಿಳಿಯದು.

ಮೂರು ವರ್ಷಗಳ ಕೆಳಗೆ ಅವರಿಗೆ ಪಾರ್ಶ್ವವಾಯು ತಗಲಿತು. ಮಾತು ಮರಳಿ ಬಂದಿತು, ನಡಿಗೆಯೂ ಬಂದಿತು. ಎಡಗೈಯ ಬೆರಳುಗಳು ಮಾತ್ರ ಬರಲಿಲ್ಲ. ಪಿಟೀಲಿನವನಿಗೆ ಎಡಗೈಯೆಂದರೆ ಗಾಯಕನಿಗೆ ಕಂಠವಿದ್ದ ಹಾಗೆ. ಅವರು ಅದನ್ನು ಕುರಿತು ಯಾರೊಡನೆಯೂ ಹೆಚ್ಚಾಗಿ ಮಾತನಾಡಲಿಲ್ಲ. ಪೆಟ್ಟಿಗೆಯನ್ನು ಮುಚ್ಚಿ ಬೀರುವಿನ ಮೇಲಿಟ್ಟರು. ಶನಿವಾರಗಳಲ್ಲಿ ಅದನ್ನು ಇಳಿಸಿ ಧೂಳು ಒರೆಸಿ ಪುನಃ ಮೇಲಿಡುತ್ತಿದ್ದರು. ಹಾಗೆ ಒರೆಸುವಾಗ ಮನೆಯಲ್ಲಿ ಯಾರೂ ಆ ಕೋಣೆಗೆ ಹೋಗುತ್ತಿರಲಿಲ್ಲ.

ಅವರ ಮೊಮ್ಮಗ ಬೆಂಗಳೂರಿನಲ್ಲಿ ಇಂಜಿನಿಯರು. ಸಂಗೀತವನ್ನು ಕಲಿತವನಲ್ಲ, ಕೇಳಿ ಬೆಳೆದವನು. ಕಳೆದ ದೀಪಾವಳಿಗೆ ಬಂದವನು ಒಂದು ಟ್ಯಾಬ್ಲೆಟ್ಟನ್ನು ತಾತನ ಮುಂದಿಟ್ಟು, ಅದರ ಗಾಜಿನ ಮೇಲೆ ಬಲಗೈಯ ಒಂದು ಬೆರಳನ್ನು ಎಳೆಯುವಂತೆ ಹೇಳಿದನು. ಬೆರಳು ಅಡ್ಡಲಾಗಿ ಸರಿದರೆ ಸ್ವರ ಏರಿ ಇಳಿಯುವುದು. ಮೇಲಕ್ಕೆ ಸರಿದರೆ ಕಮಾನನ್ನು ಬಿಗಿಯಾಗಿ ಒತ್ತಿದಂತೆ ನಾದ ತುಂಬಿಬರುವುದು. ನಾದ ಹೊರಡುತ್ತಿದ್ದುದು ಗಾಜಿನಿಂದಲ್ಲ. ಕೋಣೆಯ ಮೂಲೆಯಲ್ಲಿದ್ದ ಲ್ಯಾಪ್‌ಟಾಪಿನಿಂದ. ನಡುವೆ ತಂತಿಯಿರಲಿಲ್ಲ. ರಾಯರು ಐದು ನಿಮಿಷ ಬೆರಳಾಡಿಸಿ ಕೈ ತೆಗೆದರು.

"ಇದು ಮೆಟ್ಟಲು ಕಣೋ. ಇಳಿಜಾರಲ್ಲ," ಎಂದರು.

ಅದು ಸರಿಯಾದ ವಿಮರ್ಶೆ. ಮೊಮ್ಮಗ ಮೊದಲು ಉಪಯೋಗಿಸಿದ್ದು ಮಿಡಿ ಎಂಬ ವ್ಯವಸ್ಥೆಯನ್ನು. ವಾದ್ಯ ವಾದ್ಯಗಳು ಪರಸ್ಪರ ಮಾತನಾಡಲೆಂದು ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುಟಾರೊ ಕಾಕೆಹಾಶಿ ಮೊದಲಾದವರು ಸೇರಿ ರೂಪಿಸಿದ ಭಾಷೆ ಅದು. 1983ರ ಜನವರಿಯಲ್ಲಿ ಬೇರೆ ಬೇರೆ ಎರಡು ಕಂಪನಿಗಳ ವಾದ್ಯಗಳನ್ನು ಒಂದಕ್ಕೊಂದು ಜೋಡಿಸಿ ಅದನ್ನು ಲೋಕಕ್ಕೆ ತೋರಿಸಿದರು. ಅದರಲ್ಲಿ ಸಾಮಾನ್ಯವಾದ ಹಿಡಿಯ ಬೆಲೆ ಸೊನ್ನೆಯಿಂದ 127ರ ವರೆಗೆ. ನೂರಿಪ್ಪತ್ತೆಂಟು ಸ್ಥಾನಗಳೇ ಹೊರತು ಅದಕ್ಕಿಂತ ಹೆಚ್ಚಿಲ್ಲ. ಎರಡು ಸ್ಥಾಯಿಗಳನ್ನು ಅಷ್ಟರಲ್ಲಿ ಹಂಚಿದರೆ ಒಂದೊಂದು ಮೆಟ್ಟಲೂ ಒಂದು ಸ್ವರಸ್ಥಾನದಂತರದ ಐದರಲ್ಲೊಂದು ಪಾಲಿಗೆ ಹತ್ತಿರ ಬರುತ್ತದೆ. ಪಿಯಾನೋ ನುಡಿಸುವವರಿಗೆ ಇದರಿಂದ ನಷ್ಟವೇನೂ ಇಲ್ಲ. ತೋಡಿಯ ಗಾಂಧಾರವನ್ನು ಅಲುಗಿಸಿ ಅರವತ್ತು ವರ್ಷ ಕಳೆದವರ ಕಿವಿಗೆ ಅದು ಕಲ್ಲುಕಲ್ಲಾಗಿ ಕೇಳುತ್ತದೆ. ಮಿಡಿಯಲ್ಲಿಯೇ ಸ್ವರವನ್ನು ಬಗ್ಗಿಸಲು 16,384 ಸ್ಥಾನಗಳ ಇನ್ನೊಂದು ಏರ್ಪಾಡುಂಟು. ಅದರಿಂದಲೂ ಕೆಲಸ ಸಾಗುತ್ತಿದ್ದಿತು. ಆದರೆ ಹುಡುಗ ಬೇರೆ ದಾರಿಯನ್ನೇ ಹಿಡಿದನು.

ಆ ದಾರಿಯ ಹೆಸರು ಓಪನ್ ಸೌಂಡ್ ಕಂಟ್ರೋಲ್. ಅಕ್ಷರಗಳನ್ನು ಸಂಕ್ಷೇಪಿಸಿ ಓಎಸ್‌ಸಿ ಎನ್ನುತ್ತಾರೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿಯ ಸಂಗೀತ ಸಂಶೋಧನ ಕೇಂದ್ರದಲ್ಲಿ ಮ್ಯಾಟ್ ರೈಟ್, ಏಡ್ರಿಯನ್ ಫ್ರೀಡ್ ಎಂಬ ಇಬ್ಬರು 1997ರಲ್ಲಿ ಇದನ್ನು ಪ್ರಕಟಿಸಿದರು. ಇದರಲ್ಲಿ ಬೆಲೆಗಳನ್ನು ದಶಾಂಶದಲ್ಲಿ ಸೂಕ್ಷ್ಮವಾಗಿ ಹೇಳಬಹುದು. ಪ್ರತಿಯೊಂದು ಬೆಲೆಗೂ ಬೇಕಾದ ಹೆಸರನ್ನು ಇಡಬಹುದು. ಇನ್ನೊಂದು ವಿಶೇಷವೆಂದರೆ, ಸಂದೇಶವು ಸಾಮಾನ್ಯವಾಗಿ ಮನೆಯಲ್ಲಿರುವ ವೈಫೈ ಜಾಲದ ಮೂಲಕವೇ ಹೋಗುತ್ತದೆ. ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ತಾರ್ಕಿಕರು ಶಬ್ದವನ್ನು ಆಕಾಶದ ಗುಣವೆಂದು ಸಾಧಿಸಿದರು. ಅದನ್ನು ಓದಿದವರು ಟ್ಯಾಬ್ಲೆಟ್ಟಿನಿಂದ ಲ್ಯಾಪ್‌ಟಾಪಿಗೆ ಆಕಾಶಮಾರ್ಗವಾಗಿ ನಾದವೇ ಹಾರಿಹೋಗುತ್ತದೆಂದು ಎಣಿಸಿದರೆ ತಪ್ಪು. ಹೋಗುವುದು ನಾದವಲ್ಲ, ಒಂದು ಚೀಟಿ. "ಶ್ರುತಿ: 0.4137" ಎಂಬಂತೆ ಹೆಸರೂ ಅಂಕಿಯೂ ಇರುವ ಚೀಟಿ. ಬೆರಳು ಸರಿಯುತ್ತಿರುವಾಗ ಇಂತಹ ಚೀಟಿಗಳು ಒಂದರ ಹಿಂದೊಂದರಂತೆ ಸೆಕೆಂಡಿಗೆ ಹತ್ತಾರು ಹೊರಡುತ್ತವೆ. ಅವನ್ನು ಓದಿ ನಾದವನ್ನು ಮಾಡುವುದು ಲ್ಯಾಪ್‌ಟಾಪಿನಲ್ಲಿರುವ ತಂತ್ರಾಂಶ. ಹುಡುಗ ಆರಿಸಿಕೊಂಡಿದ್ದ ತಂತ್ರಾಂಶ ಸೂಪರ್‌ಕೊಲೈಡರ್ ಎಂಬುದು. ಜೇಮ್ಸ್ ಮೆಕಾರ್ಟ್ನಿ ಎಂಬಾತ 1996ರಲ್ಲಿ ಹೊರತಂದದ್ದು, ಈಗ ಯಾರು ಬೇಕಾದರೂ ಬಿಟ್ಟಿಯಾಗಿ ಪಡೆಯಬಹುದಾದದ್ದು.

ಚೀಟಿಯೆಂದ ಮೇಲೆ ರಾಯರ ಕಿವಿ ನೆಟ್ಟಗಾಯಿತು. "ಹಾಗಾದರೆ ಮೇಲ್ವಿಳಾಸ ಬೇಕಲ್ಲ," ಎಂದರು.

ಬೇಕು. ಮೊಮ್ಮಗ ಹಾಳೆಯ ಮೇಲೆ ಬರೆದು ತೋರಿಸಿದನು: 192.168.1.5. ಇದಕ್ಕೆ ಐಪಿ ವಿಳಾಸವೆಂದು ಹೆಸರು. ಈ ಬಗೆಯ ವಿಳಾಸಕ್ಕೆ ಆಧಾರವಾದ ನಿಬಂಧನೆ 1981ರದು. ನಾಲ್ಕು ಸಂಖ್ಯೆಗಳು, ನಡುನಡುವೆ ಚುಕ್ಕಿ, ಒಂದೊಂದೂ ಸೊನ್ನೆಯಿಂದ 255ರೊಳಗೆ. ಹಳೆಯ ಪಾಠಶಾಲೆಗಳಲ್ಲಿ ಛಂದಸ್ಸಿಗೆ ಪ್ರಸ್ತಾರ ಹಾಕಿ ಕೈ ನೋಯಿಸಿಕೊಂಡವರಿಗೆ ಇಲ್ಲಿ ಒಂದು ಪರಿಚಿತ ಮುಖ ಕಾಣುತ್ತದೆ. ಅನುಷ್ಟುಪ್ಪಿನ ಪಾದಕ್ಕೆ ಎಂಟಕ್ಷರ. ಒಂದೊಂದಕ್ಷರವೂ ಗುರುವಾಗಬಹುದು ಇಲ್ಲವೆ ಲಘುವಾಗಬಹುದು. ಎಲ್ಲವನ್ನೂ ಹರಡಿದರೆ ಇನ್ನೂರೈವತ್ತಾರು ಬಗೆ. ಯಂತ್ರಕ್ಕೂ ಒಂದು ಮತ್ತು ಸೊನ್ನೆಯೆಂಬ ಎರಡೇ ಮಾತ್ರ ತಿಳಿದಿರುವುದರಿಂದ, ವಿಳಾಸದ ಒಂದೊಂದು ಸಂಖ್ಯೆಯೂ ಅಂತಹ ಎಂಟಕ್ಷರದ ಒಂದು ಪಾದ. ನಾಲ್ಕು ಪಾದ ಸೇರಿ ಮೂವತ್ತೆರಡಕ್ಷರದ ಒಂದು ಶ್ಲೋಕ. ಇಂತಹ ಶ್ಲೋಕಗಳು ಒಟ್ಟು 429,49,67,296. ಇದು ಕಾಕತಾಲೀಯ, ಪಿಂಗಳನನ್ನು ಓದಿಯೇ ಅಮೆರಿಕದವರು ಇದನ್ನು ಮಾಡಿದರೆಂದು ಯಾರೂ ಸಭೆಯಲ್ಲಿ ಭಾಷಣ ಮಾಡಬಾರದು. ಆದರೂ ಸೊಗಸಾಗಿದೆ.

ನಾನೂರು ಕೋಟಿ ಎಂದರೆ ಬಹಳವೆನಿಸುತ್ತದೆ. ಲೋಕಕ್ಕೆ ಅದು ಸಾಲದೆ ಹೋಯಿತು. ಮನೆಮನೆಯೊಳಗೂ ಉಪಯೋಗಿಸಿಕೊಳ್ಳಲು ಕೆಲವು ವಿಳಾಸಗಳನ್ನು 1996ರ ಒಂದು ನಿಬಂಧನೆಯಲ್ಲಿ ಬೇರೆ ತೆಗೆದಿರಿಸಿದರು, 192.168 ಎಂದು ಆರಂಭವಾಗುವುವು ಅಂತಹವು. ಆದುದರಿಂದ ರಾಯರ ಮನೆಯ 192.168.1.5 ಇರುವಂತೆಯೇ ಎದುರು ಮನೆಯಲ್ಲಿಯೂ ಒಂದು 192.168.1.5 ಇರಬಹುದು, ಒಂದಕ್ಕೊಂದು ತಗಾದೆಯಿಲ್ಲ. ಸಾಧಾರಣವಾಗಿ ಮನೆಗಳಲ್ಲಿ ಮೊದಲ ಮೂರು ಪಾದ ಎಲ್ಲ ಯಂತ್ರಗಳಿಗೂ ಒಂದೇ, ಕೊನೆಯದು ಮಾತ್ರ ಬೇರೆ. ಪಿನ್ ಕೋಡಿನ ಮೊದಲ ಮೂರಂಕಿ ವಿಂಗಡಣೆಯ ಜಿಲ್ಲೆಯನ್ನೂ ಕೊನೆಯ ಮೂರು ಬಟವಾಡೆಯ ಕಚೇರಿಯನ್ನೂ ಹೇಳುವಂತೆ, ಇಲ್ಲಿ ಮೊದಲ ಮೂರು ಬೀದಿ, ಕೊನೆಯದು ಮನೆ. ರಾಯರಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ.

ಈ ಅಂಕಿಗಳನ್ನು ಕೊಡುವುದು ಮನೆಯ ರೌಟರು. ಕೊಡುವುದೆಂದರೆ ದಾನವಲ್ಲ, ಗೇಣಿ. ಅವಧಿ ಮುಗಿದಾಗ ಅಥವಾ ರೌಟರು ಆರಿ ಹತ್ತಿದಾಗ, ನಿನ್ನೆಯ ಐದನೆಯ ಮನೆಯವನು ಇಂದು ಎಂಟನೆಯ ಮನೆಯವನಾಗಿರಬಹುದು. ಈ ಒಂದು ಸಂಗತಿಯನ್ನು ತಿಳಿಯದೆ, ನಿನ್ನೆ ನಡೆದದ್ದು ಇಂದು ಏಕೆ ನಡೆಯುವುದಿಲ್ಲವೆಂದು ತಲೆ ಚಚ್ಚಿಕೊಂಡ ಸಂಗೀತಗಾರರು ಅನೇಕರು.

ಮನೆ ಸಿಕ್ಕಿತು, ಮನೆಯೊಳಗೆ ಯಾರಿಗೆ? ಒಂದು ಲ್ಯಾಪ್‌ಟಾಪಿನಲ್ಲಿ ಏಕಕಾಲದಲ್ಲಿ ಹತ್ತಾರು ತಂತ್ರಾಂಶಗಳು ವಾಸವಾಗಿರುತ್ತವೆ. ಯಾವ ಚೀಟಿ ಯಾರದೆಂದು ತಿಳಿಯಲು ಪೋರ್ಟ್ ಎಂಬ ಎರಡನೆಯ ಅಂಕಿ. ಪತ್ರಿಕೆಯೊಂದರಲ್ಲಿ ಇದನ್ನು ಬಂದರು ಎಂದು ಅನುವಾದಿಸಿದ್ದುಂಟು. ಓದಿದವರಿಗೆ ಮಂಗಳೂರು ನೆನಪಾಗಿರಬೇಕು. ದ್ವಾರವೆನ್ನುವುದು ಮೇಲು. ದೇಹವನ್ನು ಒಂಬತ್ತು ಬಾಗಿಲ ಪುರವೆಂದು ಹೇಳುವ ಸಂಪ್ರದಾಯ ನಮ್ಮದು. ಯಂತ್ರವೆಂಬ ಈ ಪುರಕ್ಕೆ ಬಾಗಿಲುಗಳ ಅಂಕಿ ಸೊನ್ನೆಯಿಂದ 65,535ರ ವರೆಗೆ. 1023ರ ವರೆಗಿನವು ಪ್ರಸಿದ್ಧ ಕಾರ್ಯಗಳಿಗೆ ಮೀಸಲು. ಸೂಪರ್‌ಕೊಲೈಡರಿನಲ್ಲಿ ನಾದ ಮಾಡುವ ಭಾಗ 57110ರಲ್ಲಿಯೂ ಆಜ್ಞೆಗಳನ್ನು ಕೇಳುವ ಭಾಗ 57120ರಲ್ಲಿಯೂ ಕುಳಿತಿರುವುದು ವಾಡಿಕೆ. ಒಂದು ಬಾಗಿಲಲ್ಲಿ ಒಬ್ಬನು ಕುಳಿತನೆಂದರೆ, ಸಾಮಾನ್ಯವಾಗಿ ಇನ್ನೊಬ್ಬನಿಗೆ ಅಲ್ಲಿ ಸ್ಥಳವಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬರುತ್ತದೆ.

ಮನೆಯಲ್ಲಿ ಇದನ್ನೆಲ್ಲಾ ಹೊಂದಿಸಲು ಎರಡು ದಿನ ಹಿಡಿಯಿತು. ಮೊದಲನೆಯ ದಿನ ಹುಡುಗ ಮಾಡಿದ ತಪ್ಪು ವೈಯಾಕರಣರು ಮೆಚ್ಚುವಂತಹದು. ಅವನು ಬೆಂಗಳೂರಿನಲ್ಲಿ ಎಲ್ಲವನ್ನೂ ಲ್ಯಾಪ್‌ಟಾಪೊಂದರಲ್ಲಿಯೇ ಪರೀಕ್ಷಿಸಿದ್ದನು. ಅಲ್ಲಿ ವಿಳಾಸ 127.0.0.1 ಎಂದಿದ್ದಿತು. ಅದನ್ನೇ ಟ್ಯಾಬ್ಲೆಟ್ಟಿನಲ್ಲಿಯೂ ಬರೆದನು. ಆ ಅಂಕಿ ಯಂತ್ರಗಳ ಅಸ್ಮಚ್ಛಬ್ದ. 'ನಾನು' ಎಂಬ ಮಾತು ದೇವದತ್ತನ ಬಾಯಲ್ಲಿ ದೇವದತ್ತನನ್ನೂ ಯಜ್ಞದತ್ತನ ಬಾಯಲ್ಲಿ ಯಜ್ಞದತ್ತನನ್ನೂ ಹೇಳುವಂತೆ, 127.0.0.1 ಎಂಬುದು ಯಾವ ಯಂತ್ರದಲ್ಲಿ ಬರೆದರೆ ಆ ಯಂತ್ರವನ್ನೇ ಹೇಳುತ್ತದೆ. ಟ್ಯಾಬ್ಲೆಟ್ಟು ದಿನವೆಲ್ಲಾ ತನಗೆ ತಾನೇ ಚೀಟಿ ಕಳುಹಿಸಿಕೊಂಡಿತು.

ಮಾರನೆಯ ದಿನದ ತೊಡಕು ಹೋಗುವ ಬಾಗಿಲು, ಬರುವ ಬಾಗಿಲುಗಳದು. ಟ್ಯಾಬ್ಲೆಟ್ಟಿನಿಂದ ಲ್ಯಾಪ್‌ಟಾಪಿಗೆ ಬೆರಳಿನ ಸುದ್ದಿ ಹೋಗುವುದಲ್ಲದೆ, ಲ್ಯಾಪ್‌ಟಾಪಿನಿಂದ ಟ್ಯಾಬ್ಲೆಟ್ಟಿಗೆ ಆಧಾರಷಡ್ಜದ ಗೆರೆ ಎಲ್ಲಿ ಕಾಣಬೇಕೆಂಬ ಸುದ್ದಿಯೂ ಬರಬೇಕಾಗಿದ್ದಿತು. ತಂತ್ರಾಂಶಗಳ ಕೈಪಿಡಿಗಳು 'ಹೊರಹೋಗುವ ಪೋರ್ಟ್', 'ಒಳಬರುವ ಪೋರ್ಟ್' ಎನ್ನುತ್ತವೆ. ಯಾರಿಂದ ಹೊರಗೆ, ಯಾರೊಳಗೆ ಎಂಬುದನ್ನು ಹೇಳುವ ಸೌಜನ್ಯ ತೋರುವ ಕೈಪಿಡಿಗಳು ಕಡಮೆ. ಒಬ್ಬನ ಹೊರಹೋಗುವ ಅಂಕಿ ಇನ್ನೊಬ್ಬನ ಒಳಬರುವ ಅಂಕಿಯಾಗಿರಬೇಕು. ಹುಡುಗ ಎರಡು ಕಡೆಯೂ ಹೊರಗೆ 57120, ಒಳಗೆ 9000 ಎಂದು ಒಂದೇ ತೆರನಾಗಿ ತುಂಬಿದ್ದನು. ರಾಯರು ಕನ್ನಡಕ ಏರಿಸಿ ನೋಡಿ, "ಇಬ್ಬರೂ ಬರೆಯುವವರೇ ಒಂದೇ ಊರಿಗೆ, ಓದುವವರು ಯಾರು?" ಎಂದರು. ಅದನ್ನು ತಿದ್ದಿದ ಮೇಲೆ ಲ್ಯಾಪ್‌ಟಾಪಿನ ಕಾವಲುಗಾರನ ಪ್ರಸಂಗ. ಫೈರ್‌ವಾಲ್ ಎಂಬ ಈ ದ್ವಾರಪಾಲಕನು ಹೊರಗಿನಿಂದ ಬರುವ ಚೀಟಿಗಳನ್ನು ಅನುಮತಿಯಿಲ್ಲದೆ ಒಳಗೆ ಬಿಡುವುದಿಲ್ಲ. ಸನಕಾದಿಗಳನ್ನು ತಡೆದ ಜಯವಿಜಯರಿಗೆ ಶಾಪವಾದರೂ ತಟ್ಟಿತು. ಈತನಿಗೆ ಅದೂ ಇಲ್ಲ. ಅನುಮತಿ ಕೊಟ್ಟೊಡನೆ ನಾದ ಬಂದಿತು.

ಈ ಸಲ ಇಳಿಜಾರು ಸಿಕ್ಕಿತು. ರಾಯರು ಬೆರಳನ್ನು ಎಳೆದು, ನಿಲ್ಲಿಸಿ, ಅಲುಗಿಸಿ, ಬಹಳ ಹೊತ್ತು ಒಂದೇ ಸ್ವರದ ಸುತ್ತ ಸುಳಿದರು. ಅಡಿಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ಅಜ್ಜಿ ಬಾಗಿಲವರೆಗೆ ಬಂದು ನಿಂತು ಒಳಗೆ ಬರದೆ ಹಿಂದಿರುಗಿದರು.

ಆಮೇಲೆ ಐದು ತಿಂಗಳ ಸಾಧನೆ. ರಾಮನವಮಿಯ ಉತ್ಸವದಲ್ಲಿ ರಾಯರ ಬಹುಕಾಲದ ಸ್ನೇಹಿತರಾದ ಗಾಯಕರೊಬ್ಬರ ಕಚೇರಿ ಗೊತ್ತಾಗಿದ್ದಿತು. ಅವರು ಎಂಬತ್ತರ ಹತ್ತಿರದವರು, ನಿಷ್ಠುರರು. ಗಾಜಿನ ಪಿಟೀಲಿನ ವಿಷಯ ತಿಳಿಸಿದಾಗ ಅವರು ಅಂದದ್ದು ಇಷ್ಟೇ: "ನೀನು ಕೂತರೆ ನನಗೆ ಸಂತೋಷ. ಆದರೆ ಅದು ಅಪಶ್ರುತಿಯಾದರೆ ಸಭೆಯಲ್ಲೇ ನಿಲ್ಲಿಸು ಅಂತೀನಿ. ಬೇಜಾರು ಮಾಡಿಕೋಬೇಡ." ಊರಿನ ಒಬ್ಬ ತರುಣ ಪಿಟೀಲು ವಾದಕನನ್ನೂ ಗೊತ್ತುಮಾಡಿ, ತೋಡಿಯ ಆಲಾಪನೆಗೆ ಮಾತ್ರ ರಾಯರು ಉತ್ತರ ಕೊಡುವುದೆಂದು ನಿಶ್ಚಯವಾಯಿತು. ಆ ಗಾಯಕರಿಗೆ ಇನ್ನೆಷ್ಟು ರಾಮನವಮಿಗಳು, ರಾಯರಿಗೆ ಇನ್ನೆಷ್ಟು ಎಂಬ ಲೆಕ್ಕವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕಚೇರಿ ಆರೂವರೆಗೆ. ನಾಲ್ಕು ಗಂಟೆಗೆ ಹುಡುಗ ಸಭಾಂಗಣದಲ್ಲಿ ಎಲ್ಲವನ್ನೂ ಹೂಡಿದನು. ಟ್ಯಾಬ್ಲೆಟ್ಟನ್ನೂ ಲ್ಯಾಪ್‌ಟಾಪನ್ನೂ ಸಭಾಂಗಣದ ಅತಿಥಿಗಳ ವೈಫೈಗೆ ಸೇರಿಸಿದನು. ಹೊಸ ವಿಳಾಸಗಳನ್ನು ನೋಡಿ ಬರೆದನು. ರಾಯರು ಗಾಜಿನ ಮೇಲೆ ಬೆರಳಿಟ್ಟರು. ನಾದವಿಲ್ಲ.

ಈ ವ್ಯವಸ್ಥೆಯ ದೊಡ್ಡ ಕ್ಲೇಶ ಇದು. ಓಎಸ್‌ಸಿಯ ಚೀಟಿಗಳು ಸಾಮಾನ್ಯವಾಗಿ ಯುಡಿಪಿ ಎಂಬ ಅಂಚೆಯಲ್ಲಿ ಹೋಗುತ್ತವೆ. ಜಾನ್ ಪೋಸ್ಟೆಲ್ ಎಂಬಾತ 1980ರಲ್ಲಿ ಮೂರೇ ಪುಟಗಳಲ್ಲಿ ಬರೆದಿಟ್ಟ ಕ್ರಮ ಅದು. ಜಾಲದ ಅಂಕಿಗಳ ಪಟ್ಟಿಯನ್ನು ಬಹುಕಾಲ ನೋಡಿಕೊಂಡವನೂ ಆತನೇ. ಆ ಉಪನಾಮಕ್ಕೂ ಅಂಚೆಗೂ ಇರುವ ಹೋಲಿಕೆಯನ್ನು ಕಂಡು ರಾಯರು ಒಮ್ಮೆ ನಕ್ಕಿದ್ದರು. ಈ ಅಂಚೆಯಲ್ಲಿ ರಿಜಿಸ್ಟರಿಲ್ಲ, ರಸೀದಿಯಿಲ್ಲ. ಸಂಗೀತಕ್ಕೆ ಅದೇ ಹಿತ: ಒಂದು ಚೀಟಿ ತಪ್ಪಿದರೆ ಅದನ್ನು ಪುನಃ ತರಿಸುತ್ತಾ ಹಿಂದಿನವುಗಳನ್ನೆಲ್ಲಾ ಕಾಯಿಸುವುದಕ್ಕಿಂತ ಮುಂದಿನ ಚೀಟಿಯನ್ನು ಓದುವುದೇ ಮೇಲು, ತಡವಾಗಿ ಬಂದ ಸ್ವರ ಯಾರಿಗೆ ಬೇಕು? ಆದರೆ ವಿಳಾಸ ತಪ್ಪಿದ್ದರೆ, ಬಾಗಿಲು ತಪ್ಪಿದ್ದರೆ, ಕಾವಲುಗಾರ ತಡೆದಿದ್ದರೆ, ಎಲ್ಲಕ್ಕೂ ಫಲ ಒಂದೇ, ಮೌನ. ಟ್ಯಾಬ್ಲೆಟ್ಟು ತಾನು ಕಳುಹಿಸಿದೆನೆಂದು ನೆಮ್ಮದಿಯಾಗಿರುತ್ತದೆ. ಲ್ಯಾಪ್‌ಟಾಪು ತನಗೇನೂ ಬರಲಿಲ್ಲವೆಂದು ನೆಮ್ಮದಿಯಾಗಿರುತ್ತದೆ. ಅಂಚೆ ಇಲಾಖೆಯಲ್ಲಿ ವಿಳಾಸ ತಿಳಿಯದ ಕಾಗದಗಳಿಗೂ ಒಂದು ಕಚೇರಿಯುಂಟು. ಇಲ್ಲಿ ಅದಿಲ್ಲ.

ಹುಡುಗನಿಗೆ ಕೈ ನಡುಗಿತು. ನಾದದ ಕ್ರಮಲೇಖವನ್ನು ತೆರೆದು ಅಲ್ಲೊಂದು ಸಾಲು ಇಲ್ಲೊಂದು ಸಾಲು ತಿದ್ದಲು ತೊಡಗಿದನು. ಐದು ಗಂಟೆಯಾಯಿತು. ರಾಯರು ಕುರ್ಚಿಯಿಂದ ಎದ್ದು ಅವನ ಬಳಿಗೆ ಬಂದರು.

"ಮಗು, ಕಾಗದದ ಒಳಗಿನ ಒಕ್ಕಣೆ ಯಾಕೆ ತಿದ್ದುತೀಯ? ಒಕ್ಕಣೆ ನಿನ್ನೆ ಸರಿಯಾಗಿತ್ತಲ್ಲ."

"ಏನು ತಪ್ಪಾಗಿದೆಯೋ ತಿಳೀತಿಲ್ಲ, ತಾತ."

"ಕಾಗದ ಸೇರಲಿಲ್ಲ ಅಂತ ದೂರು ಬಂದರೆ ನಾವು ಕಾಗದ ಬಿಚ್ಚುತಿರಲಿಲ್ಲ. ಮೊದಲು ಊರು, ಆಮೇಲೆ ಬೀದಿ, ಆಮೇಲೆ ಮನೆ, ಕೊನೆಗೆ ಹೆಸರು. ಹಾಗೇ ನೋಡು. ತಿದ್ದಿದ್ದನ್ನೆಲ್ಲ ಮೊದಲು ಅಳಿಸು."

ಹುಡುಗ ಅಳಿಸಿದನು. ಲ್ಯಾಪ್‌ಟಾಪು 192.168.10.34, ಟ್ಯಾಬ್ಲೆಟ್ಟು 192.168.10.51, ಒಂದೇ ಬೀದಿ. ಒಂದು ಯಂತ್ರದಿಂದ ಇನ್ನೊಂದನ್ನು ಕೂಗಿ ಓಗೊಡುವುದೇ ಎಂದು ನೋಡುವ ಪಿಂಗ್ ಎಂಬ ವಿಧಿಯುಂಟು. ಕೂಗಿದನು, ಓ ಎನ್ನಲಿಲ್ಲ. ಆಗ ಅವನಿಗೆ ಹೊಳೆಯಿತು. ಅತಿಥಿಗಳ ಜಾಲಗಳನ್ನು ಅನೇಕ ಕಡೆ ಛತ್ರದ ಕೋಣೆಗಳಂತೆ ಕಟ್ಟಿರುತ್ತಾರೆ: ಪ್ರತಿ ಕೋಣೆಗೂ ಬೀದಿಗೆ ಬಾಗಿಲುಂಟು, ಕೋಣೆಯಿಂದ ಕೋಣೆಗೆ ಇಲ್ಲ. ಒಬ್ಬ ಅತಿಥಿಯ ಯಂತ್ರವನ್ನು ಇನ್ನೊಬ್ಬನು ಕೆದಕದಿರಲೆಂದು ಅದು ಒಳ್ಳೆಯ ಏರ್ಪಾಡೇ. ಅಂಕಿ ಸರಿಯಿದ್ದರೂ ಚೀಟಿ ದಾಟುವಂತಿಲ್ಲ.

ಮನೆಯ ರೌಟರನ್ನೇ ತರಲು ತಂಗಿಗೆ ಫೋನು ಮಾಡಿದನು. ಆಕೆ ಅದನ್ನು ತಂತಿಸಮೇತ ಕಿತ್ತು, ತರಕಾರಿಯ ಚೀಲದಲ್ಲಿ ಹಾಕಿಕೊಂಡು ಸ್ಕೂಟರಿನಲ್ಲಿ ಬಂದಳು. "ಇಂಟರ್ನೆಟ್ ಇಲ್ಲದೆ ಇದು ನಡೆಯುತ್ತಾ?" ಎಂದು ಕಾರ್ಯದರ್ಶಿಗಳು ಸಂದೇಹಪಟ್ಟರು. ನಡೆಯುತ್ತದೆ. ಇದು ಬಹಳ ಜನಕ್ಕೆ ತಿಳಿಯದ ಸಂಗತಿ. ಪರಊರಿಗೆ ಹೋಗುವ ದಾರಿ ಕಡಿದುಹೋಗಿದ್ದರೂ ಒಂದೇ ಬೀದಿಯ ಎರಡು ಮನೆಗಳವರು ಸಕ್ಕರೆ ಕಾಫಿಪುಡಿ ಕೊಟ್ಟು ತಂದುಕೊಳ್ಳುವುದಕ್ಕೆ ಅಡ್ಡಿಯೇನು?

ಆರು ಗಂಟೆ ಹತ್ತು ನಿಮಿಷ. ರೌಟರು ಹತ್ತಿತು. ಪುನಃ ಬೀದಿಯಿಂದ ಆರಂಭ. ಮನೆಯಲ್ಲಿ ಐದನೆಯ ಮನೆಯವನಾಗಿದ್ದ ಲ್ಯಾಪ್‌ಟಾಪು ಈಗ ಎರಡನೆಯ ಮನೆಯವನಾಗಿದ್ದಿತು; ಆರಿ ಹತ್ತಿದ ರೌಟರು ಮೊದಲು ಬಂದವನಿಗೆ ಮೊದಲ ಅಂಕಿಯನ್ನು ಕೊಟ್ಟಿದ್ದಿತು. ಟ್ಯಾಬ್ಲೆಟ್ಟಿನಲ್ಲಿ 192.168.1.2 ಎಂದು ತಿದ್ದಿದನು. ಕೂಗಿದನು, ಓಗೊಟ್ಟಿತು. ರಾಯರು ಬೆರಳಿಟ್ಟರು.

ನಾದವಿಲ್ಲ.

ಅಷ್ಟರಲ್ಲಿ ಗಾಯಕರು ಬಂದು ತಂಬೂರಿಗೆ ಶ್ರುತಿ ಸೇರಿಸತೊಡಗಿದರು. ವೇದಿಕೆಯ ಮೇಲೆ ತರುಣನು ಪಿಟೀಲು ಬಿಚ್ಚಿದನು. ರಾಯರು ಅದನ್ನು ನೋಡಿದರು, ಕಣ್ಣು ತಿರುಗಿಸಿಕೊಂಡರು. ವರ್ಣ ಆರಂಭವಾಯಿತು. ಹುಡುಗ ವೇದಿಕೆಯ ಪಕ್ಕದ ತೆರೆಯ ಹಿಂದೆ ನೆಲದ ಮೇಲೆ ಕುಳಿತಿದ್ದನು. ರಾಯರು ಅವನ ಬಳಿ ಒಂದು ಕೈಯನ್ನು ಗೋಡೆಗೆ ಊರಿಕೊಂಡು ನಿಂತು, ಬಹಳ ಮೆಲ್ಲಗೆ ಕೇಳಿದರು:

"ಮನೆ ಸಿಕ್ಕಿತು ಅಂದೆ. ಬಾಗಿಲಲ್ಲಿ ಅವನೇ ಇದ್ದಾನೋ?"

ಸೂಪರ್‌ಕೊಲೈಡರನ್ನು ಅದು ಯಾವ ದ್ವಾರದಲ್ಲಿ ಕುಳಿತಿದೆಯೆಂದು ಒಂದೇ ಸಾಲಿನಲ್ಲಿ ಕೇಳಬಹುದು. ಹುಡುಗ ಕೇಳಿದನು. ಉತ್ತರ: 57121.

ಆದದ್ದು ಇಷ್ಟು. ಗಾಬರಿಯಲ್ಲಿ ಅವನು ತಂತ್ರಾಂಶವನ್ನು ಒಮ್ಮೆ ಮುಚ್ಚಿ ತೆರೆದಿದ್ದನು. ಮುಚ್ಚಿದಾಗ ಹಳೆಯದರ ನಾದ ಮಾಡುವ ಭಾಗ ಹೋಯಿತು; ಮಾತು ಕೇಳುವ ಭಾಗ ಹೋಗದೆ, ಕಾಣದ ಹಾಗೆ ಹಿಂದೆ ಉಳಿದು, 57120ನೆಯ ಬಾಗಿಲಲ್ಲಿಯೇ ಕುಳಿತಿದ್ದಿತು. ಹೊಸದಾಗಿ ತೆರೆದದ್ದು ತನ್ನ ಸ್ಥಳದಲ್ಲಿ ಯಾರೋ ಇರುವುದನ್ನು ಕಂಡು, ಜಗಳವಾಡದೆ, ಪಕ್ಕದ ಬಾಗಿಲಿಗೆ ಸರಿದುಕೊಂಡಿತು. ಸಭ್ಯತೆಯೇನೋ ಸರಿ, ಸರಿದುಕೊಂಡೆನೆಂದು ಒಂದು ಮಾತು ಗಟ್ಟಿಯಾಗಿ ಹೇಳಿದ್ದರೆ ಇನ್ನೂ ಸಭ್ಯವಾಗುತ್ತಿದ್ದಿತು. ರಾಯರ ಬೆರಳಿನ ಸುದ್ದಿಯೆಲ್ಲಾ ಸರಿಯಾದ ಮನೆಗೆ ಹೋಗಿ, ಕಿವಿಯಿದ್ದೂ ಕಂಠವಿಲ್ಲದ ಒಬ್ಬನ ಕೈಗೆ ಬೀಳುತ್ತಿದ್ದಿತು. ಹುಡುಗ ಆ ಹಳೆಯದನ್ನು ಹುಡುಕಿ ಕೊಲ್ಲಲು ಹೋಗಲಿಲ್ಲ. ಟ್ಯಾಬ್ಲೆಟ್ಟಿನಲ್ಲಿ ಕೊನೆಯ ಸೊನ್ನೆಯನ್ನು ಒಂದು ಮಾಡಿದನು. ಕಿವಿಗೆ ಹಾಕಿದ್ದ ಹೆಡ್‌ಫೋನಿನಲ್ಲಿ ಷಡ್ಜ ತುಂಬಿತು. ಅವನು ಅದನ್ನು ತೆಗೆದು ತಾತನ ಕಿವಿಗೆ ಇಟ್ಟನು.

ಮೂರನೆಯ ಕೃತಿಯಾದ ಮೇಲೆ ರಾಯರು ವೇದಿಕೆಗೆ ಹೋದರು. ಏಳೂಕಾಲು ಗಂಟೆಯಿದ್ದಿರಬೇಕು. ಗಾಯಕರು ತೋಡಿಯನ್ನು ಎತ್ತಿಕೊಂಡು, ಮೊದಲ ಸುತ್ತನ್ನು ಮುಗಿಸಿ, ತಿರುಗಿ ನೋಡದೆ ಕೈಯನ್ನು ಎಡಕ್ಕೆ ಚಾಚಿದರು. ಗಾಜಿನ ಮೇಲೆ ಬೆರಳು ಸರಿಯಿತು. ಪಿಟೀಲಿನ ನಾದವೆಂದು ಅದನ್ನು ಯಾರೂ ಹೇಳುವಂತಿರಲಿಲ್ಲ. ಎಲ್ಲೋ ವೀಣೆಗೂ ಸಾರಂಗಿಗೂ ನಡುವಿನದು, ಸ್ವಲ್ಪ ಒಣಗಿದ ನಾದ. ಗಾಂಧಾರ ಮಾತ್ರ ರಾಯರದು. ಹಳಬರು ಕೆಲವರು ಅದನ್ನು ಗುರುತಿಸಿ ಪರಸ್ಪರ ಮುಖ ನೋಡಿಕೊಂಡರು. ಹನ್ನೊಂದು ನಿಮಿಷದ ಆಲಾಪನೆಯಲ್ಲಿ ಗಾಯಕರು ನಿಲ್ಲಿಸೆನ್ನಲಿಲ್ಲ. ಒಂದು ಸಂದರ್ಭದಲ್ಲಿ ತಾರಷಡ್ಜವು ಬಹಳ ಹೊತ್ತು, ಅಲುಗದೆ, ಉಸಿರು ಕಟ್ಟಿದಂತೆ ನಿಂತಿತು. ಗಾಯಕರು ತಲೆದೂಗಿ "ಭೇಷ್" ಎಂದರು. ಸಭೆಯಲ್ಲಿ ಚಪ್ಪಾಳೆಯಾಯಿತು.

ಮನೆಗೆ ಹಿಂದಿರುಗುವಾಗ ಆಟೋದಲ್ಲಿ ರಾಯರು ಮೊಮ್ಮಗನ ಕಡೆಗೆ ಬಗ್ಗಿ, "ಆ ಷಡ್ಜ ನಾನು ನುಡಿಸಿದ್ದಲ್ಲ ಕಣೋ. ನಾನು ಬೆರಳು ಎತ್ತಿಬಿಟ್ಟಿದ್ದೆ," ಎಂದರು. ಬೆರಳು ಎತ್ತಿದೆನೆಂಬ ಆ ಒಂದು ಚೀಟಿ ದಾರಿಯಲ್ಲಿ ಕಳೆದುಹೋಗಿದ್ದಿತು. ರಸೀದಿಯಿಲ್ಲದ ಅಂಚೆಯಲ್ಲಿ ಇದು ಅಪೂರ್ವವಲ್ಲ. ಪುನಃ ಬೆರಳಿಡುವವರೆಗೂ ನಾದ ನಿಂತಲ್ಲೇ ನಿಂತಿದ್ದಿತು. ಇದನ್ನು ಗಾಯಕರಿಗೆ ಹೇಳಬೇಕೆ ಬೇಡವೆ ಎಂಬ ಜಿಜ್ಞಾಸೆ ಮನೆಯಲ್ಲಿ ಎರಡು ದಿನ ನಡೆಯಿತು. ಮೂರನೆಯ ದಿನ ರಾಯರೇ ಹೋಗಿ ಹೇಳಿದರು. ಗಾಯಕರು ಬಹಳ ಹೊತ್ತು ನಕ್ಕು, "ನೀನು ಮಾಡಿದ್ದಕ್ಕೆ ಬೇರೆ ಎರಡು ಸಲ ಭೇಷ್ ಅಂದಿದೀನಿ, ಅದನ್ನ ಇಟ್ಟುಕೋ," ಎಂದರಂತೆ.

ಹುಡುಗ ಬೆಂಗಳೂರಿಗೆ ಹೋಗುವ ಮೊದಲು ಎರಡು ಕೆಲಸ ಮಾಡಿದನು. ಕಾಲು ಸೆಕೆಂಡಿನವರೆಗೆ ಯಾವ ಚೀಟಿಯೂ ಬಾರದಿದ್ದರೆ ನಾದ ತಾನಾಗಿ ಆರುವಂತೆಯೂ, ಬೆರಳು ನಿಂತಲ್ಲೇ ನಿಂತಿದ್ದರೂ ಚೀಟಿಗಳು ಬರುತ್ತಲೇ ಇರುವಂತೆಯೂ ತಿದ್ದಿದನು. ರೌಟರಿನಲ್ಲಿ ಲ್ಯಾಪ್‌ಟಾಪಿಗೆ ಐದನೆಯ ಮನೆಯನ್ನು ಶಾಶ್ವತವಾಗಿ ಕಾದಿರಿಸಿದನು. ರಾಯರು ಅಂಕಿಗಳನ್ನು ಒಂದು ಪೋಸ್ಟ್ ಕಾರ್ಡಿನ ಮೇಲೆ, ಸಾರ್ಟರುಗಳ ದುಂಡನೆಯ ಅಂಕಿಯಲ್ಲಿ ಬರೆದು, ಪಿಟೀಲಿನ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸಿದರು. ಟ್ಯಾಬ್ಲೆಟ್ಟು ಈಗ ಆ ಪೆಟ್ಟಿಗೆಯಲ್ಲಿಯೇ, ಪಿಟೀಲಿನ ಮೇಲೆ ಒಂದು ರೇಷ್ಮೆಯ ಬಟ್ಟೆ ಹಾಸಿ, ಅದರ ಮೇಲೆ ಇರುತ್ತದೆ. ಕಾರ್ಡಿನಲ್ಲಿ ಮೊದಲನೆಯ ಸಾಲು 192.168.1.5. ಎರಡನೆಯದು ಹೋಗುವುದು 57120, ಬರುವುದು 9000. ಅದರ ಕೆಳಗೆ ಪೆನ್ಸಿಲಿನಲ್ಲಿ: "ಮೌನವಾದರೆ 57121."